ಮೂರು ತಿಂಗಳ ಪೆಟ್ಟಿಗೆ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ಚೆನ್ನಾಗಿಲ್ಲದವಳು ಆರು ಪುಟ ಬರೆಯುವುದಿಲ್ಲ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ಉತ್ತರ ಬರೆಯದೆ ಕೂತಿದ್ದೆ, ತಪ್ಪಾಯಿತು. ಆದರೆ ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಎರಡು ತಿಂಗಳಿಗೆ ನನ್ನನ್ನು ಬೈಯುವ ಹಾಗಿಲ್ಲ ನೋಡು. ನಿನ್ನ ಅಮ್ಮ ಹೋದ ಸುದ್ದಿಯೂ ನನಗೆ ಯಾರೋ ಮೂರನೆಯವರ ಬಾಯಿಂದ ಗೊತ್ತಾದದ್ದು. ಇರಲಿ, ಜಗಳವನ್ನು ಆಮೇಲೆ ಆಡೋಣ.

ನಾನು ನಿವೃತ್ತಳಾದದ್ದು ನಿನಗೆ ಹೇಗೆ ತಿಳಿಯಿತೋ! ಕಾಲೇಜಿನವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಇನ್ನು ಮೇಲೆ ಹೊತ್ತು ನೋಡುವ ಗೋಜೇ ಇಲ್ಲದವಳಿಗೆ ಗಡಿಯಾರ. ಈಗ ತಮ್ಮನ ಮನೆಯಲ್ಲಿ ಮಹಡಿಯ ಕೋಣೆಯಲ್ಲಿದ್ದೇನೆ. ಮಂಚ, ಕುರ್ಚಿ, ಆ ಗಡಿಯಾರ, ಮತ್ತೆ ಮಂಚದ ಕೆಳಗೆ ನಮ್ಮ ಗ್ರಂಥಪಾಲಕರ ಸಂಘದ ಪೆಟ್ಟಿಗೆ. ಕೋಣೆ ಗುಡಿಸಲು ಬಂದಾಗಲೆಲ್ಲ ಪೊರಕೆ ಅದಕ್ಕೇ ತಗಲುತ್ತದೆ. "ಅಕ್ಕಾ, ಗಂಡ ಬೇಡ ಅಂತ ಈ ಪೆಟ್ಟಿಗೇನ ಕಟ್ಟಿಕೊಂಡ್ರಾ?" ಎಂದು ತಮ್ಮನ ಹೆಂಡತಿ ಕೇಳುತ್ತಾಳೆ. ಅವಳ ಬಾಯಿಯೇ ಹಾಗೆ, ಮನಸ್ಸು ಒಳ್ಳೆಯದು.

ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿಮ್ಮೂರಿನ ದಾಖಲೆ ಭಂಡಾರದಲ್ಲಿ ಹಳೆಯ ಕಾಗದ ದುರಸ್ತಿ ಮಾಡುವ ಕೋಣೆ, ಕಿಟಕಿಯ ಪಕ್ಕ ಎರಡು ಮೇಜು, ಒಂದು ನಿನ್ನದು, ಇನ್ನೊಂದು ಖಾಲಿ. ಅಂಟು, ಕುಂಚ, ತೆಳುಕಾಗದ, ಇಡೀ ದಿನ ಯಾರ ಜೊತೆಗೂ ಮಾತಾಡಬೇಕಾಗಿಲ್ಲ, ಆಡಬೇಕೆನಿಸಿದರೆ ನೀನಿದ್ದೀಯ. ಮಾರ್ಚ್ ಮೂವತ್ತೊಂದರೊಳಗೆ ಹೂಂ ಅನ್ನಬೇಕು ಅಂದಿದ್ದೀಯ. ಗುಬ್ಬೀ, ನನಗೆ ಬರಬೇಕು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಇಷ್ಟು ವರ್ಷದಲ್ಲಿ ನಾನಾಗಿ ಬೇಕು ಅಂದದ್ದು ಇದೊಂದನ್ನೇ.

ಆದರೆ ಪೆಟ್ಟಿಗೆ ಬಿಡಬೇಕಲ್ಲ. ನೆನಪಿದೆಯಾ, ಆಗ ಖಜಾಂಚಿಯಾಗಿದ್ದವಳು ನೀನು, ಬಸ್ ನಿಲ್ದಾಣದಲ್ಲಿ ಅದನ್ನು ನನ್ನ ಮಡಿಲಲ್ಲಿಟ್ಟು, "ಮೂರೇ ತಿಂಗಳು ಕಣೇ, ಅಮ್ಮ ಎದ್ದು ಓಡಾಡೋ ಹಾಗಾದ್ರೆ ಬಂದ್ಬಿಡ್ತೀನಿ" ಅಂದಿದ್ದೆ. ಒಳಗೆ ಮೊಹರು, ರಸೀದಿ ಪುಸ್ತಕಗಳು, ಒಬ್ಬೊಬ್ಬ ಸದಸ್ಯರಿಗೆ ಒಂದೊಂದರಂತೆ ಕಾರ್ಡು. ಪುಸ್ತಕಕ್ಕೆ ಮಾಡುವ ಹಾಗೆ ಮನುಷ್ಯರಿಗೂ ಕಾರ್ಡು ಮಾಡಿದವರು ನಾವು ಗ್ರಂಥಪಾಲಕರು ಮಾತ್ರವೇ ಇರಬೇಕು! ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ. ನಾನು ಖಜಾಂಚಿ ಕೆಲಸ ಬಿಡಬೇಕಾದರೆ ಇನ್ನೊಬ್ಬರು ಲೆಕ್ಕ ಪರಿಶೀಲಿಸಿ, ಸಹಿ ಮಾಡಿ, ಪೆಟ್ಟಿಗೆ ತೆಗೆದುಕೊಳ್ಳಬೇಕು. ಆ ನಿಯಮ ಬರೆದವಳೂ ನೀನೇ, ಮಹಾತಾಯಿ.

ಹೋದ ಭಾನುವಾರ ವಾರ್ಷಿಕ ಸಭೆ ಇತ್ತು. ಅದೇ ನಗರ ಗ್ರಂಥಾಲಯದ ವಾಚನಾಲಯ, ಅದೇ ಕಿರುಗುಟ್ಟುವ ಫ್ಯಾನು. ಅಧ್ಯಕ್ಷರು "ಎರಡೇ ಮಾತು" ಎಂದು ಎದ್ದು ನಲವತ್ತು ನಿಮಿಷ ಆಡಿದರು. ಅವರಿಗೆ ನೀನಿಟ್ಟ 'ಎರಡ್ಮಾತು' ಎಂಬ ಹೆಸರು ಈಗ ಊರಿಗೆಲ್ಲ ಗೊತ್ತು, ಅವರಿಗೊಬ್ಬರಿಗೆ ಗೊತ್ತಿಲ್ಲ. ಆಮೇಲೆ ನಾನು ರಾಜೀನಾಮೆ ಓದಿದೆ. ಯಾರು ಮುಂದೆ ಬರುತ್ತೀರಿ ಎಂದು ಕೇಳಿದರೆ ಎಲ್ಲರೂ ತಂತಮ್ಮ ಚಪ್ಪಲಿ ನೋಡತೊಡಗಿದರು. ಪ್ರತಿ ವರ್ಷವೂ ಹೀಗೇ.

ಆಗ ಹಿಂದಿನ ಸಾಲಿನಿಂದ ಮಕ್ಕಳ ಗ್ರಂಥಾಲಯದ ಹುಡುಗಿ ಎದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ, ಚುರುಕು. ಹರಿದ ಚಿತ್ರಪುಸ್ತಕಗಳನ್ನು ತಾನೇ ಹೊಲಿದಿಡುತ್ತಾಳೆ. "ನಾನು ತಗೋತೀನಿ ಮೇಡಂ. ಲೆಕ್ಕ ಬರುತ್ತೆ ನಂಗೆ. ಮೊದಲ ದಿನದಿಂದ ಎಲ್ಲಾ ನೋಡಿ, ಸರಿಯಾಗಿ ಸಹಿ ಮಾಡಿ ತಗೋತೀನಿ" ಅಂದಳು. ಕೈ ಕೂಡ ಚಾಚಿದ್ದಳು, ಪೆಟ್ಟಿಗೆ ಅಲ್ಲೇ ಇದೆಯೇನೋ ಅನ್ನುವ ಹಾಗೆ.

ಒಂಬತ್ತು ವರ್ಷದಿಂದ ಕಾಯುತ್ತಿದ್ದ ಮಾತು ಅದು. ನಾನು ಏನಂದೆ ಗೊತ್ತಾ? "ಕೂತ್ಕೋಮ್ಮ. ನಿನಗಿನ್ನೂ ಅನುಭವ ಸಾಲದು" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರಿಲ್ಲದೆ ಸಂಘವೇ ಇಲ್ಲ ಎಂದರು ಎರಡ್ಮಾತು. ಇನ್ನೊಂದು ವರ್ಷಕ್ಕೆ ನಾನೇ ಖಜಾಂಚಿ. ಸಭೆ ಮುಗಿದ ಮೇಲೆ ಕುರ್ಚಿ ಜೋಡಿಸುತ್ತ ಆ ಹುಡುಗಿ ಹತ್ತಿರ ಬಂದು, ತನ್ನಿಂದ ಏನಾದರೂ ತಪ್ಪಾಯಿತಾ ಎಂದು ಕೇಳಿದಳು. ಮುಖ ಕೆಂಪಗಾಗಿತ್ತು. ಏನಿಲ್ಲಮ್ಮ ಅಂದು, ಮೆಟ್ಟಿಲಿಳಿದು ಬಂದುಬಿಟ್ಟೆ.

ಈಗ ಕಾರಣ ಹೇಳುತ್ತೇನೆ. ಬೇರೆ ಯಾರಿಗೂ ಹೇಳಿಲ್ಲ. ಪೆಟ್ಟಿಗೆಯಲ್ಲಿರುವುದು ಐವತ್ತು ಕಾರ್ಡು, ಚಂದಾ ಕಟ್ಟುವವರು ನಲವತ್ಮೂರು ಜನ. ಉಳಿದ ಏಳು ಜನರ ಚಂದಾ ಪ್ರತಿ ವರ್ಷ ನಾನೇ ಕಟ್ಟಿ, ಅವರ ಹೆಸರಿಗೆ ರಸೀದಿ ಹರಿಯುತ್ತೇನೆ. ಒಬ್ಬರು ಊರು ಬಿಟ್ಟರು, ಒಬ್ಬರಿಗೆ ಸಂಘವೇ ಬೇಸರವಾಯಿತು, ಬೈಂಡಿಂಗ್ ಅಜ್ಜ ಅಂತೂ ಎಂದೋ ಸತ್ತುಹೋದರು. ಸತ್ತವರಿಂದಲೂ ಚಂದಾ ವಸೂಲಿ ಮಾಡಿದ ಖಜಾಂಚಿ ನಾನು! ಐವತ್ತು ಸದಸ್ಯರಿಗೆ ಒಬ್ಬರು ಕಡಿಮೆಯಾದರೂ ಗ್ರಂಥಾಲಯ ಒಕ್ಕೂಟದವರು ಸುತ್ತುಚೀಲದ ಖರ್ಚು ಕೊಡುವುದಿಲ್ಲ, ನಿನಗೆ ಗೊತ್ತಲ್ಲ. ಒಂದು ಗ್ರಂಥಾಲಯದಿಂದ ಇನ್ನೊಂದಕ್ಕೆ ಪುಸ್ತಕ ಹೊತ್ತು ಬಸ್ಸಿನಲ್ಲಿ ತಿರುಗುವ ಆ ಚೀಲ ಈಗ ಇಪ್ಪತ್ತಾರು ಕಡೆ ಹೋಗುತ್ತದೆ. ಅರ್ಧದಷ್ಟು ಕಡೆ ಹೊಸ ಪುಸ್ತಕ ಅಂತ ಕಾಣುವುದು ಅದರಲ್ಲಿ ಮಾತ್ರ. ಹೋದ ವಾರ ಜೈಲಿನ ಗ್ರಂಥಪಾಲಕರು ಚೀಲದಲ್ಲಿ ಚೀಟಿ ಇಟ್ಟಿದ್ದರು: ಕಾದಂಬರಿಯ ಎರಡನೇ ಭಾಗ ಬೇಗ ಕಳಿಸಿ, ಓದುತ್ತಿರುವವನಿಗೆ ಹದಿನೆಂಟಕ್ಕೆ ಬಿಡುಗಡೆ, ಕಥೆ ಮುಗಿಯದೆ ಹೇಗೆ ಹೋಗಲಿ ಅಂತ ಒದ್ದಾಡುತ್ತಿದ್ದಾನೆ ಎಂದು. ಓದಿ ನಗು ಬಂತು, ಆಮೇಲೆ ನಗು ನಿಂತುಹೋಯಿತು.

ಹೀಗಿರುವಾಗ ಲೆಕ್ಕ ಬರುವವರ ಕೈಗೆ ಆ ರಸೀದಿಗಳನ್ನು ಹೇಗೆ ಕೊಡಲಿ? ಒಂದು ಕಾಸು ತಿಂದಿಲ್ಲ ನಾನು, ಕೊಟ್ಟಿದ್ದೇನೆ. ಆದರೂ ಇಲ್ಲದ ಸದಸ್ಯರನ್ನು ತೋರಿಸಿ ಒಕ್ಕೂಟದ ದುಡ್ಡು ತಂದದ್ದು ಮೋಸವೇ. ಬಯಲಾದರೆ ಚೀಲವೂ ನಿಲ್ಲುತ್ತದೆ, ನನ್ನ ಮಾನವೂ ಹೋಗುತ್ತದೆ. ಹೇಳದಿದ್ದರೆ ಇಲ್ಲೇ ಕೊಳೆಯಬೇಕು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಮ್ಮಮ್ಮ ಹೇಳುತ್ತಿದ್ದಳು, ದಾಕ್ಷಿಣ್ಯಕ್ಕೆ ಬಸುರಾದವಳಿಗೆ ಹೆರೋಕೆ ಜಾಗ ಇಲ್ಲ ಅಂತ. ಆಗ ಬಿದ್ದು ಬಿದ್ದು ನಗುತ್ತಿದ್ದೆ.

ಹಾಗಾಗಿ ಆ ಖಾಲಿ ಮೇಜನ್ನು ಬೇರೆ ಯಾರಿಗಾದರೂ ಕೊಡಲು ಹೇಳು. ಕಿಟಕಿಗೆ ಹೆಚ್ಚು ಹತ್ತಿರದ್ದನ್ನು ನೀನೇ ಇಟ್ಟುಕೋ, ನಿನ್ನ ಕಣ್ಣಿಗೆ ಬೆಳಕು ಬೇಕು. ಅಂಟಿನ ಕೆಲಸದ ಮಧ್ಯೆ ಎದ್ದು ನಾಲ್ಕು ಹೆಜ್ಜೆ ಓಡಾಡು, ಬೆನ್ನು ಹಿಡಿದೀತು. ದೇವರು ನಿನಗೆ ಆಯುಸ್ಸು, ಆರೋಗ್ಯ, ಒಂದಿಷ್ಟು ಒಳ್ಳೆಯ ನಿದ್ದೆ ಕೊಡಲಿ. ನಿನ್ನ ಪಕ್ಕ ಕೂರುವವಳು ಮಾತು ಬಲ್ಲವಳಾಗಿರಲಿ.

ಇಂತಿ ನಿನ್ನ,
ಕೊಕ್ಕರೆ

ತಾ.ಕ.: ಇಲ್ಲಿಗೇ ಅಂಟಿಸಿಬಿಡೋಣ ಅಂತ ಲಕೋಟೆ ತೆಗೆದಿದ್ದೆ. ಆಗಲಿಲ್ಲ.

ಆ ಏಳರಲ್ಲಿ ನಾನು ಸೇರಿಸಿದ್ದು ಮೂರು ಮಾತ್ರ. ಅದರಲ್ಲೂ ಮೊದಲನೆಯದು ನಿನ್ನದು. ನಿನ್ನ ಚಂದಾ ಬಾರದೆ ಹೋದಾಗ, ನಿನ್ನ ಕಾರ್ಡಿನ ಮೇಲೆ 'ಬಿಟ್ಟಿದ್ದಾರೆ' ಎಂದು ಬರೆಯಲು ಕೈ ಬರಲಿಲ್ಲ. ಮಿಕ್ಕ ನಾಲ್ಕು ನನಗೆ ಪೆಟ್ಟಿಗೆಯ ಜೊತೆಗೇ ಬಂದದ್ದು. ಬೈಂಡಿಂಗ್ ಅಜ್ಜ ತೀರಿಕೊಂಡದ್ದು ನೀನು ಊರು ಬಿಡುವ ಎರಡು ವರ್ಷ ಮೊದಲು, ನಾವಿಬ್ಬರೂ ಅಂತ್ಯಕ್ರಿಯೆಗೆ ಹೋಗಿದ್ದೆವು. ಅದಾದ ಮೇಲಿನ ಎರಡೂ ವರ್ಷದ ರಸೀದಿಯಲ್ಲಿ ಅವರ ಹೆಸರಿದೆ. ನಿನ್ನ ದುಂಡಗಿನ ಅಕ್ಷರ, ಗುಬ್ಬೀ. ಪೆಟ್ಟಿಗೆ ತೆಗೆದುಕೊಳ್ಳುವಾಗ ನಾನು ಲೆಕ್ಕ ನೋಡದೆ ಸಹಿ ಹಾಕಿದ್ದೆ, ಕೊಟ್ಟವಳು ನೀನಲ್ಲವಾ ಅಂತ. ಎರಡನೇ ವರ್ಷ ಹಳೆಯ ಪುಸ್ತಕ ತಿರುವಿದಾಗ ಗೊತ್ತಾಯಿತು. ಏಳು ವರ್ಷದಿಂದ ಗೊತ್ತಿದೆ.

ಆ ಹುಡುಗಿ ಕೈ ಚಾಚಿದಾಗ ನನಗೆ ಕಂಡದ್ದು ಬಸ್ ನಿಲ್ದಾಣದ ಬೆಂಚು, ನನ್ನ ಮಡಿಲು. ಸಿಕ್ಕಿಬೀಳುವ ಭಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದೊಂದೇ ಅಲ್ಲ. ಗೊತ್ತಿದ್ದೂ ಅದನ್ನು ಇನ್ನೊಬ್ಬಳ ಮಡಿಲಿಗೆ ಹಾಕಲು ನನ್ನಿಂದ ಆಗಲಿಲ್ಲ.

ನಿನ್ನಿಂದ ಆಯಿತು. ಅಷ್ಟು ಜನರಿದ್ದರು ಸಂಘದಲ್ಲಿ, ನನ್ನನ್ನೇ ಯಾಕೆ ಆರಿಸಿದೆ? ನಾನು ನಿನ್ನ ಗೆಳತಿ ಅಂತಲಾ, ಇಲ್ಲಾ ನಾನು ಕೇಳುವವಳಲ್ಲ ಅಂತಲಾ?