ಕೆಸರಿಗೊಂದು ಕಂಬಳಿ

ಇವಳೇ,

ಕೆದಕಬೇಡಿ ಅಂದೆಯೋ, ಮುಚ್ಚಬೇಡಿ ಅಂದೆಯೋ, ನಾನು ಹೊರಟ ದಿನ ದೋಣಿಯ ಇಂಜಿನ್ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಎರಡೂ ನೀನು ಆಡಬಹುದಾದ ಮಾತೇ ಆದ್ದರಿಂದ ಊಹಿಸಲೂ ಆಗುತ್ತಿಲ್ಲ.

ಇಲ್ಲಿ ಕೆಸರಿನ ಪರೀಕ್ಷೆಗಳೆಲ್ಲ ಮುಗಿದವು. ಹಳೆಯ ಇಂಧನ ಡಿಪೋದಿಂದ ಸೋರಿದ ಎಣ್ಣೆ, ಸೀಸ ಎಲ್ಲ ದ್ವೀಪದ ಕೊಲ್ಲಿಯ ತಳದಲ್ಲಿ ಕೆಸರಿನ ಪದರಗಳ ನಡುವೆ ಕೂತಿವೆ. ಅಗೆದು ತೆಗೆಯಹೋದರೆ ವಿಷ ಕದಡಿ ಮತ್ತೆ ನೀರಿಗೆ ಸೇರುತ್ತದೆ. ಮೇಲೆ ಶುದ್ಧ ಮರಳು ಹರಡಿ ಹಾಗೇ ಬಿಡುವುದು ಮೇಲು ಎಂದು ಬರೆದುಕೊಟ್ಟೆ. ದೋಣಿಯವನು ನಕ್ಕ: "ಏನ್ ಸಾರ್, ಕೆಸರಿಗೂ ಕಂಬಳಿ ಹೊದಿಸ್ತೀರಾ? ಅದಕ್ಕೇನ್ ಚಳೀನಾ?" ನಾನೂ ನಕ್ಕೆ. ಆಮೇಲೆ ಊಟ ಸೇರಲಿಲ್ಲ.

ಮರಳು ಹಾಕಿಸಲು ಇನ್ನೊಂದು ವರ್ಷ ಇರಿ ಎನ್ನುತ್ತಿದ್ದಾರೆ. ನಾನು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಚಳಿ ಜೋರಾಗಿದೆ. ನನ್ನ ಕೋಣೆಯ ಕಿಟಕಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಸಾಮಾನು ತರುವ ದೋಣಿಯಲ್ಲಿ ಮಗಳ ಹಳದಿ ಕಂಬಳಿ ಕಳಿಸುತ್ತೀಯಾ? ಅವಳ ಕೋಣೆಯ ಕಪಾಟಿನಲ್ಲಿದೆ, ಕೆಳಗಿನ ಖಾನೆಯಲ್ಲಿ. ಅವಳು ತೀರಿಕೊಂಡ ಮೇಲೆ ನಾವಿಬ್ಬರೂ ಆ ಬಾಗಿಲು ತೆರೆದಿಲ್ಲ, ಗೊತ್ತು. ಬೀಗ ತುಕ್ಕು ಹಿಡಿದಿದ್ದರೆ ಒಂದು ತೊಟ್ಟು ಎಣ್ಣೆ ಬಿಡು. ಒಬ್ಬಳ ಕೈಲಿ ಆಗದಿದ್ದರೆ ಬೇಡ, ಅಷ್ಟನ್ನೇ ಬರೆದು ಕಳಿಸು. ಅದೇ ದೋಣಿ ಹತ್ತಿ ಬಂದುಬಿಡುತ್ತೇನೆ, ಇಬ್ಬರೂ ಸೇರಿ ತೆರೆಯೋಣ.

ನಿಜ ಹೇಳು, ಅವತ್ತು ನೀನು ಅಂದದ್ದು ಯಾವುದು?

ಇಂತಿ,
ನಿನ್ನ ಇವರು