ಕಾಗದದ ಹಿಂಬದಿಯಲ್ಲಿ ಓದಿದ್ದು

ನುಲ್‌ಪೊ ಬಂದರು, ಬೆಟ್ಟದ ಕಡೆಯ ಮನೆಯಿಂದ
೧೯೯೮ ನವೆಂಬರ್ ೨೮, ಶನಿವಾರ

ಓದಲು ಕಲಿತ ಮೇಲೆ ಮಾತಾಡುವುದನ್ನು ಬಿಟ್ಟ ನನ್ನ ತಂಗಿ ಬೊಕ್‌ನಿಮ್‌ಗೆ,

ನಲವತ್ತು ವರ್ಷ ಒಂದೇ ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಇದ್ದು ಅಕ್ಕ-ತಂಗಿ ಆದವರು ನಾವು. ಹನ್ನೆರಡು ಹೆಜ್ಜೆ ಇಟ್ಟರೆ ನಿನ್ನ ಮನೆ. ಆದರೂ ಈ ಕಾಗದಕ್ಕೆ ಅಂಚೆಚೀಟಿ ಅಂಟಿಸುತ್ತೇನೆ. ಗೋಡೆಯ ಮೇಲಿಂದ ಎಸೆದರೆ ನೀನು ವಾಪಸ್ ಎಸೆಯುವವಳು. ಅಂಚೆಯವನ ಕೈಯಿಂದ ಬಂದರೆ ಮರ್ಯಾದೆಗಾದರೂ ಇಸಿದುಕೊಳ್ಳುತ್ತೀ.

ಬಾಡಿಗೆ ಪುಸ್ತಕದಂಗಡಿಯ ಮಿಜೊಂಗ್ ಸೋಮವಾರ ಬಂದಿದ್ದಳು. ಬಾಗಿಲಲ್ಲೇ ನಿಂತು, ನೆಲ ನೋಡಿಕೊಂಡು, ನೀನು ಹೇಳಿಕೊಟ್ಟದ್ದನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು. "ಆ ಮುದುಕಿಗೆ ಹೇಳು, ನನ್ ಗಂಡನ ಕಾಗದದ ಡಬ್ಬ ನಾನಿನ್ನೂ ತೆಗೆದಿಲ್ಲ. ಅವನ ತಿಥಿ ದಿನ ತೆಗೀತೀನಿ. ಅಷ್ಟರೊಳಗೆ ಅವಳೇ ಕೈಯಾರೆ ಬರ್ದು ಕಳಿಸ್ಲಿ, ಯಾವ್ ಮಾತು ಅವನ್ದು, ಯಾವ್ ಮಾತು ಅವಳ್ದು ಅಂತ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದ್ತೀನಿ. ಒಂದು ಸುಳ್ಳು ಸಿಕ್ಕಿದ್ರೂ ಅವಳ ಹೆಣ ನೋಡೋಕೂ ಬರಲ್ಲ." ಇಷ್ಟು ಹೇಳಿ, "ಇದು ನನ್ ಮಾತಲ್ಲ ಅಜ್ಜೀ, ಅವರದ್ದು" ಎಂದು ಸೇರಿಸಿ ಓಡಿಹೋದಳು. ಅವಳಿಗೆ ಒಂದು ಸಿಹಿಗೆಣಸು ಕೊಡೋಣವೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದಳು.

ತಿಥಿಗೆ ಇನ್ನು ಹತ್ತು ದಿನ. ಬರೆಯುತ್ತೇನೆ. ನಾನು ಎರಡು ಚಳಿಗಾಲ ಊರಿನ ರಾತ್ರಿ ಶಾಲೆಗೆ ಹೋದವಳು, ಮಿಕ್ಕಿದ್ದನ್ನು ಒಲೆಯ ಬೂದಿಯ ಮೇಲೆ ಕಡ್ಡಿಯಲ್ಲಿ ತಿದ್ದಿ ಕಲಿತವಳು. ತಪ್ಪು ಕಂಡರೆ ನಿನಗೆ ಅಕ್ಷರ ಕಲಿಸಿದ ಮೇಷ್ಟ್ರಮ್ಮನ ಹಾಗೆ ಕೆಂಪು ಗೀಟು ಹಾಕಬೇಡ.

ಮೊದಲು ಆ ಹಸಿರು ರಟ್ಟಿನ ಪುಸ್ತಕದ ವಿಷಯ. ಬೇಸಗೆಯಲ್ಲಿ ನೀನು ಅಕ್ಷರ ಕಲಿತು ಮುಗಿಸಿದಾಗ ಊರಿನಲ್ಲಿ ನನಗಿಂತ ಹೆಚ್ಚು ಹಿಗ್ಗಿದವರು ಯಾರು? ಮಿಜೊಂಗಳ ಅಂಗಡಿಗೆ ನಿನ್ನ ಕೈ ಹಿಡಿದು ಕರೆದುಕೊಂಡು ಹೋದವಳೇ ನಾನು. ಅವಳ ತಾಯಿಯ ಕಾಲದ ಹಳೇ ಪುಸ್ತಕಗಳಿರುವ ಹಿಂದಿನ ಕಪಾಟಿಗೆ ನೀನು ನೇರ ಹೋದೆ. ನಾನು ಹಿಂದೆ ಓದಿ ಹೇಳಿದ್ದನ್ನೇ ಈಗ ಸ್ವಂತ ಕಣ್ಣಿಂದ ಓದುತ್ತೇನೆ ಅಂದೆ. ಇದನ್ನು ತೆಗೆದುಕೋ, ಇದು ನಗೆಕಥೆ, ಅಕ್ಷರ ದಪ್ಪ ಇದೆ ಅಂತ ಬೇರೆ ಕೊಟ್ಟೆ. ನೀನು ಕೇಳಿದೆಯಾ? ಪ್ರೇಮವೂ ಕೊಲೆಯೂ ಕೂಡಿದ ಪುಸ್ತಕವೇ ಬೇಕು ನಿನಗೆ, ಅಂದೂ ಇಂದೂ.

ನೀನು ಆರಿಸಿದ ಆ ಹಸಿರು ರಟ್ಟಿನದರಲ್ಲಿ ಔಷಧಿ ಅಂಗಡಿಯವನು ದ್ವೀಪದ ವಿಧವೆಗೆ, "ನಿನ್ನ ಕೂದಲ ವಾಸನೆ ಹೊತ್ತು ತರದ ಗಾಳಿಯನ್ನು ನಾನು ಗಾಳಿಯೆಂದು ಕರೆಯುವುದಿಲ್ಲ" ಎನ್ನುತ್ತಾನೆ. ಆ ಸಾಲು ನಿನ್ನ ಗಂಡ ಮನ್ಸು ಆಫ್ರಿಕಾದ ಕಡಲಿನಿಂದ ಬರೆದದ್ದೆಂದು ನೀನು ಇಪ್ಪತ್ತಾರು ವರ್ಷ ನಂಬಿದ್ದೆ. ಹಡಗು ಮುಳುಗಿದ ಸುದ್ದಿ ಬಂದ ದಿನ ಅಂಗಳದಲ್ಲಿ ಬಿದ್ದು ಅದೇ ಸಾಲು ಹೇಳಿಕೊಂಡು ಅತ್ತಿದ್ದೆ. ಮತ್ತೆ ಆ ಔಷಧಿಯವನೋ, ಕೊನೆಗೆ ಇಬ್ಬರು ಹೆಂಡಿರಿಗೆ ವಿಷ ಹಾಕಿದವನು. ಒಂದೇ ಪುಸ್ತಕದಲ್ಲಿ ನಿನಗೆ ಎರಡು ಏಟು.

ನಿನಗೆ ಓದಿ ಹೇಳುವಾಗ ಕೊನೆ ಬದಲಿಸಿದ್ದು ನಾನೇ. ಅದೊಂದಲ್ಲ, ಲೆಕ್ಕವಿಲ್ಲದಷ್ಟು. ಯಾಕೆಂದು ಹೇಳುತ್ತೇನೆ. ಮನ್ಸು ಕಡಲಲ್ಲಿದ್ದ ಆ ಎರಡು ವರ್ಷ ನೀನು, ಅಡಿಯಿಂದ ಒಲೆಯ ಕಾವು ಹಾಯುವ ನನ್ನ ಬಿಸಿ ನೆಲದ ಮೇಲೆ ಮೊಣಕಾಲು ಅಪ್ಪಿ ಕೂತು, ಅರ್ಧ ಪುಸ್ತಕ ಆಗುವಷ್ಟರಲ್ಲಿ ನನ್ನ ತೋಳು ಹಿಡಿಯುತ್ತಿದ್ದೆ. "ಇವನು ಒಳ್ಳೆಯವನೇ ಅಲ್ವಾ ಅಕ್ಕಾ? ನಿಜ ಹೇಳು, ಮೋಸ ಮಾಡಲ್ಲ ತಾನೆ?" ನಿನ್ನ ಬೆರಳು ನನ್ನ ಚರ್ಮದಲ್ಲಿ ಅಚ್ಚೊತ್ತುತ್ತಿತ್ತು. ಗಂಡನನ್ನು ಸಮುದ್ರಕ್ಕೆ ಕಳಿಸಿದವಳ ಎದುರು, ಇಲ್ಲ ಕಣೇ, ಇವನೇ ಕೊಲೆಗಾರ ಎಂದು ಯಾವ ಬಾಯಿಂದ ಓದಲಿ? ಅದಕ್ಕೆ ನನ್ನ ಕೈಯಲ್ಲಿ ಎಲ್ಲ ಕೊಲೆಗಳನ್ನೂ ಮೈದುನಂದಿರು ಮಾಡಿದರು. ಒಮ್ಮೆ ನೀನೇ, "ಈ ಬರೆಯೋರಿಗೆ ಮೈದುನರ ಮೇಲೆ ಅದೇನು ಸಿಟ್ಟೋ" ಅಂದಿದ್ದೆ. ನಾನು ನಗುವನ್ನು ನುಂಗಿಕೊಳ್ಳಲು ನೀರು ಕುಡಿಯಬೇಕಾಯಿತು.

ನನಗೆ ಆ ಪುಸ್ತಕಗಳ ಮೇಲೆ ಗೌರವವೇ ಇರಲಿಲ್ಲ. ಅದರಲ್ಲಿ ಒಳ್ಳೆ ಕೋಟು ಹಾಕಿದವನು, ಮಳೆ ಬರುವ ಮೊದಲೇ ಕೊಡೆ ಹಿಡಿದು ನಿಂತವನು, ಊಟ ಮಾಡದೆ ಹೆಂಗಸಿನ ಮುಖವನ್ನೇ ನೋಡುವವನು, ಇವರಲ್ಲೊಬ್ಬ ಕೊಲೆಗಾರ. ಹೆಣ್ಣಿಗೋ, ಬುದ್ಧಿ ಮೂಗಿನ ತುದಿಯಲ್ಲಿ. ಒಂಟಿ ಮನೆಗೆ ಬಾ ಎಂದರೆ ಹೋಗುತ್ತಾಳೆ, ಬೀಗ ಹಾಕಿದ ಕೋಣೆ ತೆರೆಯಬೇಡ ಎಂದರೆ ತೆರೆಯುತ್ತಾಳೆ. ನನ್ನ ಮನಸ್ಸು ಹಳೇ ನಗೆಕಥೆಗಳ ಕಡೆ. ಜಿಪುಣ ಜಮೀನ್ದಾರ ತನಗಾಗಿ ಯಾರು ಅಳುತ್ತಾರೆ ನೋಡೋಣವೆಂದು ಸತ್ತಂತೆ ಮಲಗುತ್ತಾನಲ್ಲ, ಬಂದವರೆಲ್ಲ ಅಳು ಬಿಟ್ಟು ಮಾಂಸದ ಸಾರಿಗೆ ಜಗಳವಾಡುತ್ತಾರಲ್ಲ, ಕೊನೆಗೆ ಹಸಿವು ತಡೆಯದೆ ಹೆಣವೇ ಎದ್ದು ಕೂತು ನನಗೂ ಒಂದು ಬಟ್ಟಲು ಎನ್ನುತ್ತದಲ್ಲ, ಅಂಥದ್ದು. ಅದರಲ್ಲಿ ಯಾರು ಎಷ್ಟೇ ಮೋಸ ಮಾಡಲಿ, ಕೊನೆಯ ಹಾಳೆಯಲ್ಲಿ ಎಲ್ಲರೂ ಉಣ್ಣುತ್ತಾರೆ. ಪುಸ್ತಕ ಮುಚ್ಚಿದ ಮೇಲೆ ನಮಗೂ ಹಸಿವಾಗುತ್ತದೆ.

ಆದರೆ ನೀನು ಮಾತು ಬಿಟ್ಟ ಈ ಎರಡು ತಿಂಗಳಲ್ಲಿ ಒಂದು ಕಂಡುಕೊಂಡೆ. ಕೊಲೆಯ ಪುಸ್ತಕವನ್ನು ಒಬ್ಬಳೇ ಓದಬಹುದು. ಹೆದರುವುದಕ್ಕೆ ಜೊತೆ ಬೇಕಾಗಿಲ್ಲ. ನಗೆಕಥೆಯನ್ನು ಮಾತ್ರ ಒಬ್ಬಳೇ ಓದಲಾಗದು. ಮೊನ್ನೆ ಆ ಜಮೀನ್ದಾರನನ್ನು ತಂದು, ನೆಲ ಬಿಸಿ ಮಾಡಿ, ನಿನ್ನ ಜಾಗಕ್ಕೆ ಮುಖ ಮಾಡಿ ಜೋರಾಗಿ ಓದಿದೆ. ಹೆಣ ಎದ್ದು ಕೂತಿತು. ನಾನು ನಿಲ್ಲಿಸಿದೆ, ಪ್ರತಿಸಲ ನಿಲ್ಲಿಸುವ ಜಾಗದಲ್ಲೇ. ನೀನು ನೆಲಕ್ಕೆ ಕೈ ಬಡಿದು, "ಸಾಯೋದಕ್ಕೂ ಬಿಡಲ್ವಲ್ಲಾ ಈ ಹೊಟ್ಟೆ" ಅನ್ನಬೇಕಿತ್ತು. ಗೋಡೆಯ ಆಚೆ ನಿನ್ನ ರೇಡಿಯೋ ಹವಾಮಾನ ಹೇಳುತ್ತಿತ್ತು. ನೀನೂ ಬೇಕೆಂದೇ ಸದ್ದು ಹೆಚ್ಚಿಸಿದೆ, ಗೊತ್ತಾಯಿತು.

ಕಿಮ್ಚಿಗೆ ಎಲೆಕೋಸು ಉಪ್ಪಿಗೆ ಹಾಕಿದ್ದೂ ಈ ಸಲ ಬೇರೆ ಬೇರೆ. ನಾನು ಹದಿನೈದೇ ಗಡ್ಡೆ ತಂದೆ. ತೊಳೆದ ಗಡ್ಡೆಗಳನ್ನು ತಿರುಚಿ ಹಿಂಡುವಾಗ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಅರ್ಧ ನೀರು ಉಳಿಯಿತು. ಹುಳಿ ಬೇಗ ಬರುತ್ತದೆ. ಬಂದರೆ ಬರಲಿ, ತಿನ್ನುವವಳು ನಾನೊಬ್ಬಳೇ.

ಸುತ್ತಿ ಬಳಸುತ್ತಿದ್ದೇನೆ ಎಂದು ಹಲ್ಲು ಕಚ್ಚುತ್ತಿರುತ್ತೀ. ಸರಿ, ಕಾಗದಕ್ಕೆ ಬರುತ್ತೇನೆ.

ಡಬ್ಬದಲ್ಲಿ ಹನ್ನೊಂದಿವೆ. ಮೊದಲನೆಯದು ಬಂದ ದಿನ ನೆನಪಿದೆಯಾ? ನೀನು ಒದ್ದೆ ಕೈಯನ್ನು ಮೂರು ಸಲ ಒರೆಸಿಕೊಂಡು ಬಂದೆ. ನಾನು ಅಂದು ಇದ್ದದ್ದನ್ನು ಇದ್ದ ಹಾಗೇ ಓದಿದೆ, ಆಣೆಗೂ. "ಸೌಖ್ಯ. ಇಲ್ಲಿ ಸೆಕೆ. ಅವ್ವನ ಮೊಣಕಾಲು ಹೇಗಿದೆ? ಹಂದಿಯನ್ನು ಈಗಲೇ ಮಾರಬೇಡ. ಸೂರಿನ ಹುಲ್ಲು ಹಾಕಿಸು." ಅಷ್ಟೇ. ನೀನು ಕಾಯುತ್ತಾ ಕೂತೆ. "ಅಷ್ಟೇನಾ?" ಅಂದೆ. ಆಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದು, ತಿರುಗಿಸಿ, ಓದಲು ಬಾರದ ಕಣ್ಣಿಂದ ಹಿಂಬದಿ ನೋಡಿ, ಮತ್ತೆ ನನಗೇ ಕೊಟ್ಟೆ. "ಹಿಂದ್ಗಡೆ ಏನಾದ್ರೂ ಬರ್ದಿದಾನಾ ನೋಡು ಅಕ್ಕಾ."

ಹಿಂಬದಿ ಬಿಳಿ ಇತ್ತು, ಬೊಕ್‌ನಿಮ್. ಒಂದು ಚುಕ್ಕೆಯೂ ಇರಲಿಲ್ಲ. ನಾನು ಆ ಬಿಳಿಯನ್ನು ನೋಡುತ್ತಾ, ಹಿಂದಿನ ದಿನ ಓದಿದ್ದ ಪುಸ್ತಕದಿಂದ ಒಂದು ಸಾಲು ಓದಿದೆ. ನಿನ್ನ ಮುಖದಲ್ಲಿ ಅದು ಬಿದ್ದ ಬಗೆ ನೋಡಿ ಇನ್ನೊಂದು ಓದಿದೆ.

ಇಲ್ಲಿಂದ ಮುಂದೆ ಸರಿಯಾಗಿ ಗುರುತು ಹಾಕಿಕೋ. ಗಾಳಿಯ ಮಾತು ಎರಡನೆಯ ಕಾಗದಕ್ಕೆ ನಾನು ಸೇರಿಸಿದ್ದು. ಹಡಗಿನ ಕಂಬದ ಮೇಲಿನ ಚಂದ್ರನಲ್ಲಿ ನಿನ್ನ ಹಣೆ ಕಂಡದ್ದು ನನ್ನದು. ನಿನ್ನ ಹೆಸರನ್ನು ಉಪ್ಪುನೀರಿಗೆ ಹೇಳಿ ಬಂದದ್ದು ನನ್ನದು, ಅದು ಯಾವುದೋ ಬ್ಯಾಂಕ್ ಲೂಟಿಯ ಪುಸ್ತಕದ್ದು. ಮುಂದಿನ ಜನ್ಮದಲ್ಲಿ ನಾನು ಹೆಣ್ಣಾಗಿ ಕಾಯುತ್ತೇನೆ, ನೀನು ಗಂಡಾಗಿ ಹೋಗು ಎಂದದ್ದನ್ನು ಯಾವ ಪುಸ್ತಕದಿಂದಲೂ ಕದಿಯಲಿಲ್ಲ, ನಾನೇ ಹೊಸೆದದ್ದು. ಅದಕ್ಕೆ ನೀನು ಮೂರು ದಿನ ಅತ್ತಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಹೊಡೆಯಬೇಕೆನ್ನಿಸಿದರೆ ಇದಕ್ಕೇ ಹೊಡೆ.

ಅವನದು ಯಾವುದೆಂದರೆ ಸೆಕೆ, ಹಂದಿ, ಹುಲ್ಲು, ಅವ್ವನ ಮೊಣಕಾಲು, ಹಲ್ಲುನೋವು, ಎಷ್ಟು ಟ್ಯೂನಾ ಬಿತ್ತು ಎಂಬುದು.

ಆರನೆಯವರೆಗೆ ಹೀಗೆ. ಏಳರಿಂದ ಹನ್ನೊಂದರವರೆಗೆ ನಾನು ಒಂದಕ್ಷರ ಮುಟ್ಟಿಲ್ಲ. ಅಡುಗೆಯವನು ಸಾರಿಗೆ ಬೂಟು ಬೀಳಿಸಿದ್ದು, ನೀನು ಕಟ್ಟಿಕೊಟ್ಟ ಮೂಲಂಗಿ ಕಿಮ್ಚಿಯ ಕೊನೆಯ ತುಂಡನ್ನು ತಿನ್ನಲೂ ಆಗದೆ ಎಸೆಯಲೂ ಆಗದೆ ಡಬ್ಬಿಯಲ್ಲಿಟ್ಟುಕೊಂಡು ದಿನಾ ಮೂಸುತ್ತಿದ್ದದ್ದು, ಎಲ್ಲವೂ ಅವನವೇ. ನಾನು ಯಾಕೆ ಆರಕ್ಕೆ ನಿಲ್ಲಿಸಿದೆ ಎಂದು ಮಾತ್ರ ಕೇಳಬೇಡ. ಸೇರಿಸುವ ಅಗತ್ಯ ಬೀಳಲಿಲ್ಲ ಎಂದುಕೋ.

ತಪ್ಪಾಯಿತು ಎಂಬ ಮಾತು ನನ್ನ ಬಾಯಿಗೆ ಒಗ್ಗಿದ್ದಲ್ಲ, ನಿನಗೆ ಗೊತ್ತು. ನನ್ನ ಗಂಡ ಸಾಯುವಾಗಲೂ ನಾನು ಅವನಿಗೆ ಆ ಮಾತು ಹೇಳಲಿಲ್ಲ. ಅವನೂ ಹೇಳಲಿಲ್ಲ, ಹೇಳಬೇಕಾದವನು ಅವನು. ನಿನಗೆ ಹೇಳುತ್ತಿದ್ದೇನೆ. ನಿನ್ನ ಗಂಡನನ್ನು ನಿನ್ನಿಂದ ಕಸಿದು, ಅವನ ಬಾಯಲ್ಲಿ ವಿಷ ಹಾಕುವವರ ಮಾತು ತುಂಬಿ, ಅವನನ್ನು ಮತ್ತೆ ನಿನಗೇ ಕೊಟ್ಟೆ. ತಪ್ಪಾಯಿತು.

ತಿಥಿಗೆ ಬೇಕಾದ ಮರಸೇಬು ಪೇಟೆಯಲ್ಲಿ ಈ ವರ್ಷ ಚೆನ್ನಾಗಿಲ್ಲ, ಮುಟ್ಟಿ ನೋಡಿ ತೆಗೆದುಕೋ.

ಗೋಡೆಯ ಈಚೆಯವಳು,
ಸುನ್‌ದೊಕ್

ಮತ್ತೆ ಬರೆದದ್ದು: ಕಾಗದ ಅಂಟಿಸಿ ಮುಗಿಸಿದ್ದೆ. ಅನ್ನದ ಅಂಟು ಒಣಗುವ ಮೊದಲೇ ಬಿಚ್ಚಿದೆ. ನೀನು ಡಬ್ಬ ತೆಗೆದರೆ ಹೇಗೂ ಕಾಣುತ್ತದೆ, ನನ್ನ ಬಾಯಿಂದಲೇ ಕೇಳು.

ನೀನು ಅವನಿಗೆ ಬರೆಸುತ್ತಿದ್ದ ಕಾಗದಗಳನ್ನೂ ನಾನು ಹಾಗೇ ಬರೆಯಲಿಲ್ಲ. "ಹಾಳಾದವನೇ, ಸತ್ತಿದೀಯೋ ಬದುಕಿದೀಯೋ, ಹಂದಿ ಬೇಲಿ ಮುರ್ದು ಮುಲ್ಲಂಗಿ ತಿಂತು, ನಿಮ್ಮವ್ವ ನನ್ನೇ ಬೈತಾಳೆ, ಹಲ್ಲು ಕೀಳಿಸ್ಕೊಂಡ್ಯಾ ಇಲ್ವಾ" ಎಂದು ನೀನು ಹೇಳುತ್ತಿದ್ದೆ. ನಾನು ಅಲೆ, ಹೂವು, ನಿಟ್ಟುಸಿರು ಎಂದು ಬರೆಯುತ್ತಿದ್ದೆ. ಐದು ಸಲ ಹಾಗೆ ಹೋಯಿತು.

ಆರನೆಯ ಕಾಗದದ ಕೆಳತುದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಅವನು ನನಗೇ ಬರೆದ ಮೂರು ಸಾಲಿವೆ. ನಿನಗೆ ಓದಿ ಹೇಳಲಿಲ್ಲ. ಇಷ್ಟು ಪುಸ್ತಕ ಓದಿದವಳಿಗೆ ಒಬ್ಬ ಮೀನಿನ ಹಡಗಿನವನು ಪಾಠ ಹೇಳಿದನಲ್ಲ ಎಂದು ನಾಚಿಕೆಯಾಯಿತು. ಆಮೇಲಿಂದ ನೀನು ಬೈದದ್ದನ್ನು ಬೈದ ಹಾಗೇ ಬರೆದೆ. ಅವನ ಕಾಗದ ಎರಡು ಹಾಳೆ, ಮೂರು ಹಾಳೆ ಆಗತೊಡಗಿತು.

ಆ ಮೂರು ಸಾಲು ನನಗೆ ಬಾಯಿಪಾಠ. ಹೀಗಿವೆ:

"ಬರೆದುಕೊಡುವ ಅಕ್ಕನಿಗೆ ವಂದನೆ. ನನ್ನ ಹೆಂಡತಿ ಹೀಗೆ ಮಾತಾಡುವವಳಲ್ಲ, ಇವಳು ಯಾರೋ ಎಂದು ಇಲ್ಲಿ ನನಗೆ ಒಂಟಿತನ ಹೆಚ್ಚಾಗಿದೆ. ಅವಳು ಹೇಗೆ ಬೈಯುತ್ತಾಳೋ ಹಾಗೇ ಬರೆಯಿರಿ, ಕೇಳಿ ತುಂಬಾ ದಿನವಾಯಿತು."