ತಿರುಗುವ ಕಲ್ಲಿಗೆ ಸಿಮೆಂಟು

ಮಾನ್ಯ ಮೇಲಧಿಕಾರಿಗಳೇ,

ಮೊರಬದ ಹಳೆಯ ಚಾವಡಿಯ ಎರಡು ಕೋಣೆಗಳಲ್ಲಿರುವ ನಮ್ಮ ವಸ್ತುಸಂಗ್ರಹಾಲಯವನ್ನು ನೀವು ಕಣ್ಣಾರೆ ಕಂಡಿಲ್ಲ. ಆದರೂ ಅದಕ್ಕೆ ಎರಡು ಸುತ್ತೋಲೆ ಕಳಿಸಿದ್ದೀರಿ. ತಿಂಗಳಿಗೊಮ್ಮೆ ಊರವರನ್ನು ಸೇರಿಸಿ ಕಾರ್ಯಕ್ರಮ ನಡೆಸತಕ್ಕದ್ದು ಎಂದು ಒಂದರಲ್ಲಿದೆ. ಊರವರು ಯಾವ ವಸ್ತುವನ್ನೂ ಮುಟ್ಟತಕ್ಕದ್ದಲ್ಲ, ವಸ್ತು ಹೊಸ್ತಿಲು ದಾಟತಕ್ಕದ್ದಲ್ಲ ಎಂದು ಇನ್ನೊಂದರಲ್ಲಿದೆ. ಎರಡರ ಕೆಳಗೂ ಸಹಿ ನಿಮ್ಮದೇ. ನಡುವೆ ಸಿಕ್ಕಿಬಿದ್ದವನು ನಾನು, ಇಲ್ಲಿನ ಸಂಬಳವಿಲ್ಲದ ಮೇಲ್ವಿಚಾರಕ. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ, ೧೯೮೨ರಲ್ಲಿ, ಶಾಲೆಯಿಂದ ನಿವೃತ್ತನಾಗಿ ಈ ಸಂಗ್ರಹಾಲಯಕ್ಕೆಂದು ಮನೆ ಮನೆ ತಿರುಗಿ ಹಳೆಯ ಸಾಮಾನು ಕೇಳುತ್ತಿದ್ದೆ. ನಮ್ಮೂರ ಮುದುಕಿ ದುಂಡವ್ವ ತನ್ನ ಅತ್ತೆಯ ಕಾಲದ ಬೀಸುಕಲ್ಲು ತೋರಿಸಿದಳು.

“ಗಿರಣಿ ಬಂದಾಗಿಂದ ಮೂಲ್ಯಾಗ ಕುಂತೈತ್ರಿ ಮಾಸ್ತರ, ಒಯ್ರಿ. ಆದ್ರ ಮೊಮ್ಮಗಳ ಲಗ್ನದಾಗ ಅರಿಶಿನ ಬೀಸಾಕ ಇದ ಕಲ್ಲ ಬೇಕು. ಆವಾಗ ತಿರುಗಿ ಕೊಡಬೇಕು ನೋಡ್ರಿ.”

“ಅದಕ್ಯಾಕ ಚಿಂತಿ ಬೇ? ನಾನ ತಂದ ಕೊಡ್ತೀನಿ.”

ಆ ಮನೆಯ ಪ್ರತಿ ಮದುವೆಯಲ್ಲೂ ಐವರು ಮುತ್ತೈದೆಯರು ಅದೇ ಕಲ್ಲಿಗೆ ಕಂಕಣ ಕಟ್ಟಿ, ಹಾಡುತ್ತ ಅರಿಶಿನ ಬೀಸಿದ ಮೇಲೆಯೇ ಉಳಿದ ಕೆಲಸ ಶುರುವಾಗುವುದು. ಆದರೆ ನೀವು ಕಳಿಸಿದ ದಪ್ಪ ರಿಜಿಸ್ಟರಿನಲ್ಲಿ ಎರಡೇ ಕಾಲಂ: ಕೊಂಡದ್ದು, ದಾನ ಬಂದದ್ದು. ಬೇಕಾದಾಗ ಮರಳಿ ಒಯ್ಯುವವರಿಗೆ ಜಾಗವೇ ಇರಲಿಲ್ಲ. ನಾನು ದಾನ ಎಂದು ಬರೆದು ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡೆ. “ನಾ ಹೇಳಿದ್ದ ಬರದೀರಿಲ್ರಿ?” ಎಂದು ಕೇಳಿದಳು. “ಹೂಂ ಬೇ” ಎಂದೆ. ಸುಳ್ಳು ಹೇಳಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಬಾಯಿ ಇದು! ಆ ತಪ್ಪು ನನ್ನದೇ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಮುಂದಿನದು ನಿಮ್ಮ ಜಾಣತನ. ಕಳವಾಗದಂತೆ ಕಲ್ಲಿನ ವಸ್ತುಗಳನ್ನೆಲ್ಲ ನೆಲಕ್ಕೆ ಭದ್ರಪಡಿಸಿ ಎಂದು ಆಜ್ಞೆ ಮಾಡಿದಿರಿ. ಗೌಂಡಿ ಮಾಬುಸಾಬ ಸಿಮೆಂಟು ಕಲಸಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟ. “ತಿರುಗೂ ಕಲ್ಲಿಗೆ ಸಿಮೆಂಟ್ ಹಾಕಂತೀರಲ್ರಿ ಮಾಸ್ತರ, ಇದ್ಯಾವ ಶ್ಯಾಣೇತನಾರೀ?” ನಾನು ನಿಮ್ಮ ಆಜ್ಞೆಯ ಕಾಗದ ತೋರಿಸಿದೆ. ಆತ ಕೆಳಗಿನ ಕಲ್ಲನ್ನು ನೆಲಕ್ಕೂ ಮೇಲಿನದನ್ನು ಕೆಳಗಿನದಕ್ಕೂ ಅಂಟಿಸಿ ಹೋದ. ಅಲ್ಲ ಸ್ವಾಮಿ, ಇಬ್ಬರು ಹೊರಬೇಕಾದ ಬೀಸುಕಲ್ಲನ್ನು ಕದ್ದ ಕಳ್ಳ ಅದನ್ನು ಯಾರಿಗೆ ಮಾರುತ್ತಾನೆ? ಹಿಟ್ಟಿನ ಗಿರಣಿಯವನಿಗೆಯೇ?

ಈಗ ಮೊಮ್ಮಗಳ ಮದುವೆ ಗೊತ್ತಾಗಿದೆ. ಸೋಮವಾರ ಅರಿಶಿನ. ಮೊನ್ನೆ ದುಂಡವ್ವ ಬಂದು ಗೂಟ ಹಿಡಿದು ತಿರುವಿದಳು. ಕಲ್ಲು ಅಲುಗಲಿಲ್ಲ. ಮೇಲಿನ ಕಲ್ಲನ್ನಷ್ಟೇ ಬಿಡಿಸುತ್ತೇನೆ, ಇಲ್ಲೇ ಬೀಸಿರಿ, ಈ ತಿಂಗಳ ಕಾರ್ಯಕ್ರಮವೆಂದು ವರದಿ ಬರೆದರಾಯಿತು ಎಂದು ನಾಚಿಕೆ ಬಿಟ್ಟು ಹೇಳಿದೆ.

“ನಮ್ಮ ಹುಡುಗಿ ಅರಿಶಿನ ಚಾವಡ್ಯಾಗ ಬೀಸೂದೇನ್ರಿ? ಮಾತ ಕೊಟ್ಟಿದ್ರಿ ನೀವು.”

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿ ಹೋದಳು.

ಕಲ್ಲು ಕಿತ್ತುಕೊಟ್ಟರೆ ನಿಮ್ಮ ಲೆಕ್ಕದಲ್ಲಿ ಕಳ್ಳನಾಗುತ್ತೇನೆ, ಕೊಡದಿದ್ದರೆ ಊರಿಗೆ ಮುಖ ತೋರಿಸುವಂತಿಲ್ಲ. ರಾಜೀನಾಮೆ ಬಿಸಾಕೋಣವೆಂದರೆ ಕೀಲಿ ನಿಮ್ಮ ಕೈ ಸೇರುತ್ತದೆ. ನನ್ನನ್ನು ನಂಬಿ ಇಂಥದೇ ಮಾತಿನ ಮೇಲೆ ಕೊಟ್ಟ ಉಳಿದವರ ಸಾಮಾನಿನ ಗತಿ ಏನು? ನಾನೇ ಸಾಮಾನು ತುಂಬಿದ ಕೋಣೆಯಲ್ಲಿ ನನ್ನನ್ನೇ ಕೂಡಿಹಾಕಿದ್ದೀರಿ.

ಭಾನುವಾರದೊಳಗೆ ಕಲ್ಲು ಬಿಡಿಸಿ ಕೊಡಲು ಒಂದು ಸಾಲಿನ ಅನುಮತಿ ಕಳಿಸಿ. ಆಗದಿದ್ದರೆ ನಿಮ್ಮ ಕಚೇರಿಯಿರುವ ನವಲಗುಂದದಿಂದ ಬಸ್ಸು ಹತ್ತಿ ಖುದ್ದಾಗಿ ಬನ್ನಿ. ದುಂಡವ್ವನ ಮನೆ ತೋರಿಸುತ್ತೇನೆ. ಕೊಡುವುದಿಲ್ಲವೆಂದು ಆಕೆಯ ಮುಖ ನೋಡಿ ನೀವೇ ಹೇಳಿ. ಸುತ್ತೋಲೆ ಮಾತ್ರ ಕಳಿಸಬೇಡಿ. ಆಕೆಗೆ ಓದಲು ಬರುವುದಿಲ್ಲ, ಅದನ್ನು ಓದಿಸಿಕೊಳ್ಳಲು ಮತ್ತೆ ನನ್ನ ಹತ್ತಿರವೇ ಬರುತ್ತಾಳೆ.

ಇಂತಿ,
ದಾನವಲ್ಲದ್ದನ್ನು ದಾನವೆಂದು ಬರೆದ
ಮಡಿವಾಳೆಪ್ಪ ಮಾಸ್ತರ
ಮೊರಬ, ೧೯೮೬